ಖುಲಾಸೆಯಾದ ಅಡ್ಮಿರಲ್‌ಗೆ ಮತ್ತೆ ಹಡಗುಪಡೆ ಸಿಗಲಿಲ್ಲವೇಕೆ?

ಪ್ರಶ್ನೆ: 1914ರ ಆಗಸ್ಟ್‌ನಲ್ಲಿ ಜರ್ಮನಿಯ ‘ಗೋಬೆನ್’ ಎಂಬ ಯುದ್ಧನೌಕೆಯನ್ನು ತಡೆಯದೆ ಬಿಟ್ಟ ಬ್ರಿಟಿಷ್ ರಿಯರ್ ಅಡ್ಮಿರಲ್ ಅರ್ನೆಸ್ಟ್ ಟ್ರೂಬ್ರಿಜ್ ಅವರ ಬಗ್ಗೆ ಓದಿದೆ. ಸೇನಾ ನ್ಯಾಯಾಲಯ ಅವರನ್ನು ಗೌರವಪೂರ್ವಕವಾಗಿ ಖುಲಾಸೆ ಮಾಡಿತಂತೆ, ಆದರೂ ಮುಂದೆ ಅವರಿಗೆ ಸಮುದ್ರದ ಮೇಲೆ ಹಡಗುಪಡೆಯನ್ನು ಒಪ್ಪಿಸಲೇ ಇಲ್ಲವಂತೆ. ಹೀಗಿದ್ದೂ ಅವರು ಪೂರ್ಣ ಅಡ್ಮಿರಲ್ ಆದರು, ‘ಸರ್’ ಪದವಿಯನ್ನೂ ಪಡೆದರು. ತಪ್ಪಿತಸ್ಥರಾಗಿದ್ದರೆ ಬಡ್ತಿ ಏಕೆ, ನಿರಪರಾಧಿಯಾಗಿದ್ದರೆ ಹಡಗು ಏಕಿಲ್ಲ? ಆ ಕಾಲದ ನೌಕಾಧಿಕಾರಿಯ ವೃತ್ತಿಜೀವನ ಹೇಗೆ ನಡೆಯುತ್ತಿತ್ತು?

ಉತ್ತರ: ನಿಮಗೆ ಕಂಡಿರುವ ವಿರೋಧಕ್ಕೆ ಕಾರಣ ಟ್ರೂಬ್ರಿಜ್ ಅವರ ನಡತೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಅಂದಿನ ಬ್ರಿಟಿಷ್ ನೌಕಾಪಡೆಯ ಸೇವಾಪದ್ಧತಿಯಲ್ಲಿದೆ. ಆ ಪಡೆಯಲ್ಲಿ ದರ್ಜೆ ಬೇರೆ, ನೇಮಕ ಬೇರೆ. ಒಮ್ಮೆ ಕ್ಯಾಪ್ಟನ್ ಆದವರ ಹೆಸರು ಜ್ಯೇಷ್ಠತಾ ಪಟ್ಟಿಗೆ ಸೇರುತ್ತಿತ್ತು, ಮೇಲಿನವರು ನಿವೃತ್ತರಾದಂತೆ, ತೀರಿಕೊಂಡಂತೆ ಆ ಹೆಸರು ತಾನಾಗಿ ಮೇಲೇರುತ್ತಿತ್ತು. ಆದರೆ ಆ ದರ್ಜೆಗೆ ತಕ್ಕ ಕೆಲಸವನ್ನು, ಅಂದರೆ ಒಂದು ಹಡಗನ್ನೋ ಹಡಗುಪಡೆಯನ್ನೋ, ಕೊಡುವುದೂ ಬಿಡುವುದೂ ನೌಕಾ ಆಡಳಿತ ಮಂಡಳಿಯಾದ ಅಡ್ಮಿರಾಲ್ಟಿಯ ವಿವೇಚನೆಗೆ ಸೇರಿದ್ದಾಗಿತ್ತು. ನೇಮಕ ಸಿಗದ ಅಧಿಕಾರಿ ಅರ್ಧ ವೇತನ ಪಡೆಯುತ್ತ ಮನೆಯಲ್ಲಿರಬೇಕಾಗಿತ್ತು. ನಮ್ಮಲ್ಲಿ ವರ್ಗಾವಣೆಯ ಆದೇಶ ಬಂದು ‘ಸ್ಥಳ ನಿರೀಕ್ಷಣೆ’ಯಲ್ಲಿರುವ ಸರ್ಕಾರಿ ಅಧಿಕಾರಿಯ ದರ್ಜೆಯಾಗಲಿ ಜ್ಯೇಷ್ಠತೆಯಾಗಲಿ ಹೋಗುವುದಿಲ್ಲ, ಕುರ್ಚಿಯೊಂದೇ ಇರುವುದಿಲ್ಲ. ಟ್ರೂಬ್ರಿಜ್ ಅವರ ಸ್ಥಿತಿ ಹೆಚ್ಚುಕಡಿಮೆ ಅದೇ ಬಗೆಯದು. ನ್ಯಾಯಾಲಯ ಅವರ ಮೇಲಿದ್ದ ಆರೋಪವನ್ನು ತೆಗೆದುಹಾಕಿತು, ಆದರೆ ಅಡ್ಮಿರಾಲ್ಟಿ ಕಳೆದುಕೊಂಡಿದ್ದ ನಂಬಿಕೆಯನ್ನು ಮರಳಿ ತಂದುಕೊಡುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇರಲಿಲ್ಲ.

ಅವರ ಹಿನ್ನೆಲೆಯನ್ನು ತಿಳಿಯದೆ ಈ ಪ್ರಕರಣದ ತೀವ್ರತೆ ಅರ್ಥವಾಗುವುದಿಲ್ಲ. ಅರ್ನೆಸ್ಟ್ ಟ್ರೂಬ್ರಿಜ್ 1862ರ ಜುಲೈ 15ರಂದು ಹುಟ್ಟಿದರು. ಅವರ ಮುತ್ತಜ್ಜ ಸರ್ ಥಾಮಸ್ ಟ್ರೂಬ್ರಿಜ್, ಪ್ರಸಿದ್ಧ ನೌಕಾ ಸೇನಾನಿ ನೆಲ್ಸನ್ ಅವರ ಒಡನಾಡಿಯಾಗಿ ಹೆಸರು ಮಾಡಿದವರು. 1807ರ ಜನವರಿಯಲ್ಲಿ ‘ಬ್ಲೆನ್‌ಹೈಮ್’ ಎಂಬ ಹಳೆಯ ಹಡಗಿನಲ್ಲಿ ಮದರಾಸಿನಿಂದ ದಕ್ಷಿಣ ಆಫ್ರಿಕಾದ ಕೇಪ್‌ನತ್ತ ಹೊರಟ ಅವರು ಮಡಗಾಸ್ಕರ್ ಸಮೀಪದ ಬಿರುಗಾಳಿಯಲ್ಲಿ ಹಡಗಿನೊಡನೆ ಕಾಣೆಯಾದರು. ಅಜ್ಜನೂ ನೌಕಾಪಡೆಯಲ್ಲಿ ರಿಯರ್ ಅಡ್ಮಿರಲ್. ಭೂಸೇನೆಯಲ್ಲಿದ್ದ ತಂದೆ 1854ರ ಇಂಕರ್ಮನ್ ಕದನದಲ್ಲಿ ಒಂದು ಕಾಲನ್ನೂ ಇನ್ನೊಂದು ಪಾದವನ್ನೂ ಕಳೆದುಕೊಂಡವರು. ಇಂಥ ಮನೆತನದ ಹುಡುಗನಿಗೆ ನೌಕಾಪಡೆ ಮನೆಯ ಕಸುಬಿದ್ದಂತೆ, ಜೊತೆಗೆ ಆ ಹೆಸರಿಗೆ ತಕ್ಕಂತೆ ಬಾಳುವ ಹೊರೆಯೂ ಹೆಗಲ ಮೇಲೆ ಇದ್ದೇ ಇತ್ತು.

ಅವರು ಪಡೆಗೆ ಸೇರಿದ್ದು 1875ರಲ್ಲಿ, ಹದಿಮೂರರ ಎಳೆಯ ವಯಸ್ಸಿನಲ್ಲಿ. ಆಗಿನ ಪದ್ಧತಿಯೇ ಅಂಥದ್ದು: ಡಾರ್ಟ್‌ಮತ್‌ನಲ್ಲಿ ಲಂಗರು ಹಾಕಿದ್ದ ‘ಬ್ರಿಟಾನಿಯಾ’ ಎಂಬ ತರಬೇತಿ ಹಡಗಿಗೆ ಹುಡುಗರನ್ನು ಕೆಡೆಟ್‌ಗಳಾಗಿ ಸೇರಿಸಿಕೊಂಡು, ಗಣಿತ, ನೌಕಾಯಾನ, ಹಗ್ಗ ಮತ್ತು ಹಾಯಿಯ ಕೆಲಸ ಕಲಿಸಿ, ಅನಂತರ ಮಿಡ್‌ಶಿಪ್‌ಮನ್‌ಗಳನ್ನಾಗಿ ಸಮುದ್ರಕ್ಕೆ ಕಳುಹಿಸುತ್ತಿದ್ದರು. ತರಬೇತಿಯ ವೆಚ್ಚವನ್ನು ಹೆತ್ತವರೇ ಭರಿಸಬೇಕಾಗಿದ್ದುದರಿಂದ ಅಲ್ಲಿ ಅನುಕೂಲಸ್ಥರ ಮಕ್ಕಳೇ ತುಂಬಿರುತ್ತಿದ್ದರು. ಹಾಯಿ, ಕಂಬ, ಬಾಯಿಯ ಕಡೆಯಿಂದ ಮದ್ದು ತುಂಬುವ ಫಿರಂಗಿ ಇವುಗಳ ನಡುವೆ ವೃತ್ತಿ ಆರಂಭಿಸಿದ ಈ ತಲೆಮಾರಿನವರೇ 1914ರಲ್ಲಿ ಉಗಿ ಟರ್ಬೈನ್, ತಂತಿಯಿಲ್ಲದ ಟೆಲಿಗ್ರಾಫ್ ಮತ್ತು ಮೈಲಿಗಟ್ಟಲೆ ದೂರ ಗುಂಡೆಸೆಯುವ ತೋಪುಗಳ ಯುದ್ಧವನ್ನು ನಡೆಸಬೇಕಾಯಿತು ಎಂಬುದನ್ನು ಮರೆಯಬಾರದು.

ಮಿಡ್‌ಶಿಪ್‌ಮನ್‌ನಿಂದ ಸಬ್ ಲೆಫ್ಟಿನೆಂಟ್, ಅಲ್ಲಿಂದ ಲೆಫ್ಟಿನೆಂಟ್ ದರ್ಜೆಯವರೆಗೆ ಪರೀಕ್ಷೆಗಳನ್ನು ದಾಟಿಕೊಂಡು ಬರಬಹುದಾಗಿತ್ತು. ನಿಜವಾದ ಜರಡಿ ಇದ್ದದ್ದು ಅದರ ಮೇಲೆ. ಲೆಫ್ಟಿನೆಂಟ್‌ನಿಂದ ಕಮಾಂಡರ್, ಕಮಾಂಡರ್‌ನಿಂದ ಕ್ಯಾಪ್ಟನ್, ಈ ಎರಡು ಬಡ್ತಿಗಳು ಆಯ್ಕೆಯಿಂದ ಮಾತ್ರ ಸಿಗುತ್ತಿದ್ದವು. ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಡಿಸೆಂಬರ್ ಕೊನೆಯಲ್ಲಿ ಪಟ್ಟಿ ಹೊರಬೀಳುತ್ತಿತ್ತು, ಮತ್ತು ಅದರಲ್ಲಿ ಹೆಸರು ಕಾಣದ ಎಷ್ಟೋ ಸಮರ್ಥರು ಲೆಫ್ಟಿನೆಂಟ್‌ಗಳಾಗಿಯೇ ನಿವೃತ್ತರಾಗುತ್ತಿದ್ದರು. ಮೇಲಧಿಕಾರಿಯ ಶಿಫಾರಸು, ತೋಪುಗಾರಿಕೆಯಲ್ಲೋ ಟಾರ್ಪಿಡೊದಲ್ಲೋ ಪಡೆದ ವಿಶೇಷ ಪರಿಣತಿ, ರಾಜಮನೆತನದ ವಿಹಾರ ನೌಕೆಯಲ್ಲಿ ಮಾಡಿದ ಸೇವೆ, ಯಾವುದಾದರೊಂದು ದಂಡಯಾತ್ರೆಯಲ್ಲಿ ತೋರಿದ ಸಾಹಸ, ಇವೆಲ್ಲ ತೂಕಕ್ಕೆ ಬರುತ್ತಿದ್ದವು. ಕ್ಯಾಪ್ಟನ್ ಆದ ಮೇಲೆ, ಸಾಕಷ್ಟು ಕಾಲ ಸಮುದ್ರದಲ್ಲಿ ಹಡಗು ನಡೆಸಿದ ಅರ್ಹತೆ ಇದ್ದರೆ, ರಿಯರ್ ಅಡ್ಮಿರಲ್ ದರ್ಜೆ ಜ್ಯೇಷ್ಠತೆಯಿಂದಲೇ ಬರುತ್ತಿತ್ತು. ಇದಕ್ಕೆ ಅಪವಾದಗಳು ಅತಿ ವಿರಳ. ಡೇವಿಡ್ ಬೀಟಿ ಅವರಿಗೆ ಕ್ಯಾಪ್ಟನ್ ಆಗಿ ಬೇಕಿದ್ದಷ್ಟು ಸಮುದ್ರ ಸೇವೆ ಇಲ್ಲದಿದ್ದರೂ, 1910ರ ಜನವರಿ 1ರಂದು ವಿಶೇಷ ರಾಜಾಜ್ಞೆಯ ಮೂಲಕ ಅವರನ್ನು 38ನೇ ವಯಸ್ಸಿನಲ್ಲೇ ರಿಯರ್ ಅಡ್ಮಿರಲ್ ಮಾಡಲಾಯಿತು.

ಟ್ರೂಬ್ರಿಜ್ ಈ ಜರಡಿಯನ್ನು ಸುಲಭವಾಗಿಯೇ ದಾಟಿದರು. ನೀರಿಗೆ ಬಿದ್ದ ಸಂಕೇತಕಾರ ಹುಡುಗನೊಬ್ಬನನ್ನು ಉಳಿಸಿದ್ದಕ್ಕಾಗಿ 1888ರಲ್ಲಿ ಅವರಿಗೆ ರಾಯಲ್ ಹ್ಯೂಮೇನ್ ಸೊಸೈಟಿಯ ಬೆಳ್ಳಿ ಪದಕ ದೊರೆಯಿತು. 1901ರಲ್ಲಿ ಅವರು ಕ್ಯಾಪ್ಟನ್ ಆದರು. ಅನಂತರ ವಿಯೆನ್ನಾ, ಮ್ಯಾಡ್ರಿಡ್ ಮತ್ತು ಟೋಕಿಯೊ ರಾಯಭಾರ ಕಚೇರಿಗಳಲ್ಲಿ ನೌಕಾ ಪ್ರತಿನಿಧಿಯಾಗಿದ್ದರು. ಟೋಕಿಯೊ ನೇಮಕ ಅವರ ಪಾಲಿಗೆ ಭಾಗ್ಯವೇ ಆಯಿತು. 1904ರಲ್ಲಿ ರಷ್ಯಾ ಮತ್ತು ಜಪಾನ್ ನಡುವೆ ಯುದ್ಧ ಶುರುವಾದಾಗ, ಮಿತ್ರದೇಶದ ವೀಕ್ಷಕರಾಗಿ ಚೆಮುಲ್ಪೊ ಮತ್ತು ಪೋರ್ಟ್ ಆರ್ಥರ್‌ನ ನೌಕಾ ಕಾರ್ಯಾಚರಣೆಗಳನ್ನು ಜಪಾನೀಯರ ಕಡೆಯಿಂದ ನೋಡುವ ಅವಕಾಶ ಅವರಿಗೆ ಒದಗಿತು. ಉಕ್ಕಿನ ಹಡಗುಗಳ ನಡುವಿನ ಆಧುನಿಕ ಯುದ್ಧವನ್ನು ಕಣ್ಣಾರೆ ಕಂಡ ಬ್ರಿಟಿಷ್ ಅಧಿಕಾರಿಗಳು ಆಗ ಬೆರಳೆಣಿಕೆಯಷ್ಟೇ ಮಂದಿ. ವಯಸ್ಸಿಗೆ ಮೊದಲೇ ಬೆಳ್ಳಗಾದ ದಟ್ಟ ಕೂದಲಿನ ಈ ಆಜಾನುಬಾಹುವನ್ನು ಸಹೋದ್ಯೋಗಿಗಳು ‘ಬೆಳ್ಳಿ ದೊರೆ’ ಎಂದು ಕರೆಯುತ್ತಿದ್ದರು.

1910ರಲ್ಲಿ ಅವರು ನೌಕಾಖಾತೆಯ ಸಚಿವರಾದ ಫಸ್ಟ್ ಲಾರ್ಡ್ ಅವರ ನೌಕಾ ಕಾರ್ಯದರ್ಶಿಯಾದರು. ಆ ಸಚಿವ ಸ್ಥಾನದಲ್ಲಿ ಮೊದಲು ಮೆಕೆನ್ನಾ, 1911ರ ಅಕ್ಟೋಬರ್‌ನಿಂದ ವಿನ್‌ಸ್ಟನ್ ಚರ್ಚಿಲ್ ಇದ್ದರು. ಈ ಕಾರ್ಯದರ್ಶಿಯ ಕೆಲಸವೇ ಯಾವ ಅಧಿಕಾರಿಗೆ ಯಾವ ಹಡಗು ಎಂಬ ಬಗ್ಗೆ ಸಚಿವರಿಗೆ ಸಲಹೆ ಕೊಡುವುದು. ನೇಮಕಗಳು ಹೇಗೆ ಆಗುತ್ತವೆ, ಹೇಗೆ ತಪ್ಪುತ್ತವೆ ಎಂಬುದನ್ನು ಟ್ರೂಬ್ರಿಜ್ ಅವರಷ್ಟು ಹತ್ತಿರದಿಂದ ಬಲ್ಲವರು ಕಡಿಮೆ. 1912ರ ಜನವರಿಯಲ್ಲಿ ಚರ್ಚಿಲ್ ಹೊಸದಾಗಿ ಯುದ್ಧ ಸಿಬ್ಬಂದಿ ವಿಭಾಗವೊಂದನ್ನು ಕಟ್ಟಿದಾಗ ಅದರ ಮೊದಲ ಮುಖ್ಯಸ್ಥರಾಗಿ ಟ್ರೂಬ್ರಿಜ್ ಅವರನ್ನೇ ಆರಿಸಿದರು. ಅವರು ಬಿಟ್ಟ ಕಾರ್ಯದರ್ಶಿ ಸ್ಥಾನಕ್ಕೆ ಬಂದವರು ಬೀಟಿ. ಅಟ್ಲಾಂಟಿಕ್ ಪಡೆಯಲ್ಲಿ ತಮಗೆ ಕೊಟ್ಟ ಸ್ಥಾನವನ್ನು ಬೇಡವೆಂದು ತಿರಸ್ಕರಿಸಿ ಅರ್ಧ ವೇತನದಲ್ಲಿ ಕುಳಿತಿದ್ದ ಬೀಟಿ ಅವರ ವೃತ್ತಿಜೀವನ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. ಚರ್ಚಿಲ್ ಅವರ ಮೆಚ್ಚುಗೆ ಒಂದೇ ಅವರನ್ನು ಮೇಲೆತ್ತಿತು, ಮರುವರ್ಷ ಬ್ಯಾಟಲ್ ಕ್ರೂಸರ್ (ಭಾರಿ ತೋಪುಗಳನ್ನು ಹೊತ್ತ ವೇಗದ ಯುದ್ಧನೌಕೆ) ಪಡೆಯ ನಾಯಕತ್ವವೂ ಸಿಕ್ಕಿತು. ದರ್ಜೆ ನಿಯಮದಿಂದ ಬರುತ್ತದೆ, ನೇಮಕ ನಂಬಿಕೆಯಿಂದ ಬರುತ್ತದೆ ಎಂಬುದಕ್ಕೆ ಇವರಿಬ್ಬರ ಬದುಕು ಎರಡು ದಿಕ್ಕಿನ ನಿದರ್ಶನಗಳು.

ಟ್ರೂಬ್ರಿಜ್ 1913ರ ಆರಂಭದಲ್ಲಿ ಮೆಡಿಟರೇನಿಯನ್‌ಗೆ ಹೋದರು. ಅಲ್ಲಿ ಅಡ್ಮಿರಲ್ ಸರ್ ಬರ್ಕ್ಲಿ ಮಿಲ್ನ್ ಅವರ ಕೈಕೆಳಗೆ ಮೊದಲನೆಯ ಕ್ರೂಸರ್ ಪಡೆ ಅವರ ವಶದಲ್ಲಿತ್ತು: ‘ಡಿಫೆನ್ಸ್’, ‘ವಾರಿಯರ್’, ‘ಬ್ಲ್ಯಾಕ್ ಪ್ರಿನ್ಸ್’, ‘ಡ್ಯೂಕ್ ಆಫ್ ಎಡಿನ್‌ಬರ್ಗ್’ ಎಂಬ ನಾಲ್ಕು ಕವಚ ತೊಟ್ಟ ಕ್ರೂಸರ್‌ಗಳು. ಅವುಗಳ ದೊಡ್ಡ ತೋಪುಗಳೆಲ್ಲ ಸೇರಿ 22, ಪ್ರತಿಯೊಂದೂ 9.2 ಇಂಚಿನದು. ಮಿಲ್ನ್ ಅವರ ಬಳಿ ‘ಇನ್‌ಫ್ಲೆಕ್ಸಿಬಲ್’, ‘ಇಂಡೊಮಿಟಬಲ್’, ‘ಇನ್‌ಡಿಫ್ಯಾಟಿಗಬಲ್’ ಎಂಬ ಮೂರು ಬ್ಯಾಟಲ್ ಕ್ರೂಸರ್‌ಗಳಿದ್ದವು, ಒಂದೊಂದರಲ್ಲೂ 12 ಇಂಚಿನ ಎಂಟು ತೋಪುಗಳು. ಎದುರಾಳಿ ರಿಯರ್ ಅಡ್ಮಿರಲ್ ಸೂಶನ್ ಅವರ ಬಳಿ ಇದ್ದದ್ದು ಎರಡೇ ಹಡಗು: ‘ಗೋಬೆನ್’ ಎಂಬ ಬ್ಯಾಟಲ್ ಕ್ರೂಸರ್, ‘ಬ್ರೆಸ್ಲಾವ್’ ಎಂಬ ಹಗುರ ಕ್ರೂಸರ್. ಗೋಬೆನ್‌ನ ಹತ್ತು ತೋಪುಗಳು 28 ಸೆಂಟಿಮೀಟರಿನವು, ಅಂದರೆ ಸುಮಾರು 11 ಇಂಚಿನವು. ಅದರ ಕವಚ ಟ್ರೂಬ್ರಿಜ್ ಅವರ ಹಡಗುಗಳ ಕವಚಕ್ಕಿಂತ ಬಹಳ ದಪ್ಪ, ಅದರ ವೇಗವೂ ಹೆಚ್ಚು. ಅದರ ಬಾಯ್ಲರ್ ಕೊಳವೆಗಳು ಸೋರುತ್ತಿದ್ದುದರಿಂದ ಪೂರ್ಣ ವೇಗ ಸಾಧಿಸಲು ಅದು ಹೆಣಗುತ್ತಿತ್ತು ಎಂಬುದು ಬ್ರಿಟಿಷರಿಗೆ ತಿಳಿದಿರಲಿಲ್ಲ.

ತೊಡಕಿನ ಬೀಜ ಜುಲೈ 30ರಂದು ಚರ್ಚಿಲ್ ಕಳುಹಿಸಿದ ತಂತಿಯಲ್ಲಿತ್ತು. ಆಫ್ರಿಕಾದಿಂದ ತನ್ನ ಸೈನ್ಯವನ್ನು ಸಾಗಿಸುವ ಫ್ರಾನ್ಸಿಗೆ ನೆರವಾಗಬೇಕು, ಸಾಧ್ಯವಾದರೆ ಗೋಬೆನ್‌ನಂಥ ಒಂಟಿ ವೇಗದ ಹಡಗನ್ನು ಎದುರಿಸಬೇಕು, ಆದರೆ ಫ್ರೆಂಚರ ಜೊತೆಗೂಡಿದ ದೊಡ್ಡ ಕದನದಲ್ಲಿ ಹೊರತು ತನಗಿಂತ ಬಲಶಾಲಿಯಾದ ಪಡೆಯೊಂದಿಗೆ ಈ ಹಂತದಲ್ಲಿ ಸೆಣಸಬಾರದು ಎಂಬುದು ಅದರ ಸಾರ. ಬಲಶಾಲಿ ಪಡೆ ಎಂದರೆ ಜರ್ಮನಿಯ ಮಿತ್ರದೇಶವಾದ ಆಸ್ಟ್ರಿಯಾದ ಮುಖ್ಯ ನೌಕಾಬಲ ಎಂದು ತಾನು ಅಂದುಕೊಂಡಿದ್ದಾಗಿ ಚರ್ಚಿಲ್ ಅನಂತರ ವಿವರಿಸಿದರು. ತಂತಿಯ ಮಾತಿನಲ್ಲಿ ಅದು ಸ್ಪಷ್ಟವಿರಲಿಲ್ಲ. ಅಧೀನರಿಗೆ ಅಪ್ಪಣೆ ಕೊಡುವಾಗ ವಾಕ್ಚಾತುರ್ಯ ಎಷ್ಟು ಅಪಾಯಕಾರಿ ಎಂಬುದಕ್ಕೆ ನೌಕಾ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ಆಗಸ್ಟ್ 2ರಂದು ಮಾಲ್ಟಾದಲ್ಲಿ ಟ್ರೂಬ್ರಿಜ್ ಈ ವಿಷಯವನ್ನೆತ್ತಿದರು. ಹಗಲಿನಲ್ಲಿ, ಬಯಲು ಸಮುದ್ರದಲ್ಲಿ ಬ್ಯಾಟಲ್ ಕ್ರೂಸರ್ ಒಂದನ್ನು ತನ್ನ ಪಡೆಗಿಂತ ಬಲಶಾಲಿಯೆಂದೇ ತಾನು ಎಣಿಸುವುದಾಗಿ ಹೇಳಿದರು. ಎರಡು ಬ್ಯಾಟಲ್ ಕ್ರೂಸರ್‌ಗಳು ನಿಮ್ಮ ಜೊತೆಗೇ ಇರುವುದರಿಂದ ಆ ಪ್ರಶ್ನೆಯೇ ಏಳುವುದಿಲ್ಲ ಎಂಬುದು ಮಿಲ್ನ್ ಅವರ ಉತ್ತರವಾಗಿತ್ತು. ಮರುದಿನವೇ ಆ ಎರಡೂ ಹಡಗುಗಳನ್ನು ಅವರಿಂದ ಬಿಡಿಸಿ ಪಶ್ಚಿಮಕ್ಕೆ ಕಳುಹಿಸಲಾಯಿತು. ಪ್ರಶ್ನೆ ಮಾತ್ರ ಉತ್ತರವಿಲ್ಲದೆ ಉಳಿಯಿತು.

ಆಗಸ್ಟ್ 4ರಂದು ಗೋಬೆನ್ ಮತ್ತು ಬ್ರೆಸ್ಲಾವ್ ಅಲ್ಜೀರಿಯಾದ ಎರಡು ಬಂದರುಗಳ ಮೇಲೆ ಗುಂಡು ಹಾರಿಸಿ ಪೂರ್ವಕ್ಕೆ ತಿರುಗಿದವು. ದಾರಿಯಲ್ಲಿ ಬ್ರಿಟನ್ನಿನ ಎರಡು ಬ್ಯಾಟಲ್ ಕ್ರೂಸರ್‌ಗಳು ಅವುಗಳ ಪಕ್ಕದಲ್ಲೇ ಹಾದುಹೋದರೂ, ಬ್ರಿಟನ್ ಕೊಟ್ಟ ಗಡುವು ಇನ್ನೂ ಮುಗಿಯದ ಕಾರಣ ಗುಂಡು ಹಾರಿಸುವಂತಿರಲಿಲ್ಲ. ಜರ್ಮನ್ ಹಡಗುಗಳು ತಟಸ್ಥ ಇಟಲಿಯ ಮೆಸಿನಾದಲ್ಲಿ ಕಲ್ಲಿದ್ದಲು ತುಂಬಿಕೊಂಡು 6ರ ಸಂಜೆ ಜಲಸಂಧಿಯ ದಕ್ಷಿಣ ಬಾಯಿಂದ ಹೊರಬಿದ್ದವು. ಮಿಲ್ನ್ ಅವರ ಮೂರೂ ದೊಡ್ಡ ಹಡಗುಗಳು ಆ ಹೊತ್ತಿಗೆ ಸಿಸಿಲಿಯ ಪಶ್ಚಿಮಕ್ಕಿದ್ದವು. ದಕ್ಷಿಣದಲ್ಲಿದ್ದದ್ದು ಕ್ಯಾಪ್ಟನ್ ಹೋವರ್ಡ್ ಕೆಲ್ಲಿ ಅವರ ಹಗುರ ಕ್ರೂಸರ್ ‘ಗ್ಲಾಸ್ಟರ್’ ಒಂದೇ. ಅದು ಬೆನ್ನು ಬಿಡದೆ ಹಿಂಬಾಲಿಸುತ್ತ ಗೋಬೆನ್ ಇರುವ ಜಾಗವನ್ನು ತಿಳಿಸುತ್ತಲೇ ಇತ್ತು.

ಟ್ರೂಬ್ರಿಜ್ ಆಗ ಗ್ರೀಸಿನ ಸೆಫಲೋನಿಯಾ ದ್ವೀಪದ ಬಳಿ, ಏಡ್ರಿಯಾಟಿಕ್ ಸಮುದ್ರದ ಬಾಗಿಲನ್ನು ಕಾಯುತ್ತಿದ್ದರು. ಗೋಬೆನ್ ಉತ್ತರಕ್ಕೆ, ಆಸ್ಟ್ರಿಯಾದ ಬಂದರಿನತ್ತ ಹೋಗುತ್ತದೆಂದೇ ಎಲ್ಲರ ಎಣಿಕೆ. ಅದು ಆಗ್ನೇಯಕ್ಕೆ ತಿರುಗಿತೆಂಬುದು ಖಚಿತವಾದಾಗ, ಮಧ್ಯರಾತ್ರಿ ಕಳೆದ ಸ್ವಲ್ಪದರಲ್ಲೇ ಅವರು ನಾಲ್ಕೂ ಹಡಗುಗಳನ್ನು ದಕ್ಷಿಣಕ್ಕೆ ತಿರುಗಿಸಿ ಅದರ ದಾರಿಗೆ ಅಡ್ಡ ಬೀಳಲು ಹೊರಟರು. ಮೇಲಿನಿಂದ ಅಪ್ಪಣೆ ಬಂದು ಮಾಡಿದ್ದಲ್ಲ, ಸ್ವಂತ ನಿರ್ಧಾರ. ಅವರ ಧ್ವಜನೌಕೆಯ ಕ್ಯಾಪ್ಟನ್ ಫಾಸೆಟ್ ರೇ ತೋಪುಗಾರಿಕೆಯ ಪರಿಣತ. ರಾತ್ರಿಯ ಮೂರನೆಯ ಜಾವದಲ್ಲಿ ಅವರು ಟ್ರೂಬ್ರಿಜ್ ಅವರ ಬಳಿಗೆ ಬಂದು, ಬೆಳಕು ಹರಿದ ಮೇಲೆ ಎದುರಾದರೆ ಗೋಬೆನ್ ತನ್ನ ವೇಗದ ಬಲದಿಂದ ನಮ್ಮ ತೋಪುಗಳ ಎಟುಕಿನ ಆಚೆಗೆ ನಿಂತು, ತನ್ನ ತೋಪುಗಳ ಎಟುಕಿನೊಳಗೆ ನಮ್ಮನ್ನಿರಿಸಿಕೊಂಡು, ಹಡಗುಗಳನ್ನು ಒಂದೊಂದಾಗಿ ಮುಳುಗಿಸಬಲ್ಲದು, ಇದು ಆತ್ಮಹತ್ಯೆ ಎಂದು ವಾದಿಸಿದರು. ಓಡಿಹೋದ ಹೆಸರು ಹೊರಲಾರೆ ಎಂದು ಟ್ರೂಬ್ರಿಜ್ ಮೊದಲಿಗೆ ಒಪ್ಪಲಿಲ್ಲ. ಬೆಳಗಾಗುವ ಮೊದಲೇ ಹತ್ತಿರ ತಲುಪುವ ದಾರಿ ಇದೆಯೇ ಎಂದು ಹಡಗಿನ ನೌಕಾಯಾನ ಅಧಿಕಾರಿಯನ್ನು ವಿಚಾರಿಸಿದರು. ಇಲ್ಲವೆಂದು ತಿಳಿದ ಮೇಲೆ, ಸುಮಾರು ನಾಲ್ಕು ಗಂಟೆಗೆ, ಬೆನ್ನಟ್ಟುವುದನ್ನು ಕೈಬಿಟ್ಟರು. ಆ ಕ್ಷಣದಲ್ಲಿ ಅವರ ಕಣ್ಣಲ್ಲಿ ನೀರಿತ್ತೆಂಬುದು ರೇ ಅವರದೇ ಹೇಳಿಕೆ. ಮಿಲ್ನ್ ಅವರಿಗೆ ಅವರು ಕೂಡಲೇ ಸುದ್ದಿ ಕಳುಹಿಸಿದರು. ಹೋಗಿ ಹೋರಾಡು ಎಂಬ ಮಾರುತ್ತರ ಬರಲಿಲ್ಲ.

ಇಲ್ಲಿಂದ ಮುಂದಿನ ಪ್ರಮಾದಗಳು ಅವರವಲ್ಲ. ಗೋಬೆನ್ ಈಜಿಯನ್ ಸಮುದ್ರದಲ್ಲಿ ಕಲ್ಲಿದ್ದಲಿಗಾಗಿ ಕಾಯುತ್ತ ನಿಂತಿದ್ದಾಗ ಮಿಲ್ನ್ ತಮ್ಮ ಮೂರು ಬ್ಯಾಟಲ್ ಕ್ರೂಸರ್‌ಗಳೊಂದಿಗೆ ನಿಧಾನವಾಗಿ ಪೂರ್ವಕ್ಕೆ ಬರುತ್ತಿದ್ದರು. ಅಷ್ಟರಲ್ಲಿ, ಆಗಸ್ಟ್ 8ರಂದು, ಆಸ್ಟ್ರಿಯಾದ ಮೇಲೆ ಯುದ್ಧ ಆರಂಭಿಸಿ ಎಂಬ, ಮುಂಚೆಯೇ ಬರೆದಿಟ್ಟಿದ್ದ ತಂತಿಯನ್ನು ಅಡ್ಮಿರಾಲ್ಟಿಯ ಗುಮಾಸ್ತರೊಬ್ಬರು ತಪ್ಪಾಗಿ ರವಾನಿಸಿಬಿಟ್ಟರು. ಮಿಲ್ನ್ ಹಿಂದಕ್ಕೆ ತಿರುಗಿದರು, ಒಂದು ಇಡೀ ದಿನ ಹಾಳಾಯಿತು. ಆಗಸ್ಟ್ 10ರ ಸಂಜೆ ಗೋಬೆನ್ ತುರ್ಕಿಯ ಡಾರ್ಡನೆಲ್ಸ್ ಜಲಸಂಧಿಯ ಒಳಹೊಕ್ಕಿತು, ಕೆಲವು ದಿನಗಳ ಬಳಿಕ ತುರ್ಕಿಯ ಧ್ವಜ ಏರಿಸಿಕೊಂಡಿತು. ಅಕ್ಟೋಬರ್ 29ರಂದು ಅದೇ ಸೂಶನ್ ತುರ್ಕಿಯ ಹೆಸರಿನಲ್ಲಿ ರಷ್ಯಾದ ಕಪ್ಪು ಸಮುದ್ರದ ಬಂದರುಗಳ ಮೇಲೆ ದಾಳಿ ಮಾಡಿದರು, ಆಟೊಮನ್ ಸಾಮ್ರಾಜ್ಯ ಯುದ್ಧಕ್ಕಿಳಿಯಿತು. ತುರ್ಕಿ ಯುದ್ಧಕ್ಕೆ ಬಂದದ್ದು ಈ ಒಂದು ಹಡಗಿನಿಂದಲೇ ಎನ್ನುವುದು ಅತಿಶಯೋಕ್ತಿ, ಏಕೆಂದರೆ ಜರ್ಮನಿಯೊಡನೆ ಗುಪ್ತ ಒಪ್ಪಂದ ಆಗಸ್ಟ್ 2ರಂದೇ ಆಗಿತ್ತು. ಆದರೂ ಆ ಒಪ್ಪಂದಕ್ಕೆ ಕೈಬಲ ಕೊಟ್ಟದ್ದು ಗೋಬೆನ್. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಪಡೆ ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಹೋರಾಡಿ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಕುದುರೆ ದಾಳಿ ಮಾಡಿದ್ದು ಆ ಯುದ್ಧರಂಗದಲ್ಲೇ. ಬೆಂಗಳೂರಿನ ಜೆ. ಸಿ. ನಗರದಲ್ಲಿರುವ ಅವರ ಸ್ಮಾರಕದ ಮುಂದೆ ನಿಂತವರಿಗೆ ಈ ಹಡಗಿನ ಕಥೆ ಅಷ್ಟೇನೂ ದೂರದ್ದೆನಿಸಲಾರದು.

ಸೆಪ್ಟೆಂಬರ್‌ನಲ್ಲಿ ಟ್ರೂಬ್ರಿಜ್ ಅವರನ್ನು ಇಂಗ್ಲೆಂಡಿಗೆ ಕರೆಸಿ ಪ್ರಾಥಮಿಕ ವಿಚಾರಣೆ ನಡೆಸಿದರು. ನೌಕಾಪಡೆಯ ವೃತ್ತಿಪರ ಮುಖ್ಯಸ್ಥರಾಗಿದ್ದ ಬ್ಯಾಟನ್‌ಬರ್ಗ್ ಅವರ ಅಭಿಪ್ರಾಯ ಬಹಳ ಕಟುವಾಗಿತ್ತು: ವಹಿಸಿದ ಕೆಲಸದಲ್ಲಿ ಟ್ರೂಬ್ರಿಜ್ ಸಂಪೂರ್ಣ ವಿಫಲರಾಗಿದ್ದಾರೆ ಎಂದು ಅವರು ಟಿಪ್ಪಣಿ ಬರೆದರು. ಕೋರ್ಟ್ ಮಾರ್ಷಲ್ ನವೆಂಬರ್ 5ರಿಂದ 9ರವರೆಗೆ ಪೋರ್ಟ್‌ಲೆಂಡ್‌ನಲ್ಲಿ ನಿಂತಿದ್ದ ‘ಬಲ್ವರ್ಕ್’ ಎಂಬ ಯುದ್ಧನೌಕೆಯ ಮೇಲೆ, ಪತ್ರಿಕೆಗಳಿಗೂ ಸಾರ್ವಜನಿಕರಿಗೂ ಪ್ರವೇಶವಿಲ್ಲದೆ ನಡೆಯಿತು. ಬ್ರಿಟನ್ ತುರ್ಕಿಯ ಮೇಲೆ ಯುದ್ಧ ಘೋಷಿಸಿದ್ದು ವಿಚಾರಣೆ ಆರಂಭವಾದ ದಿನವೇ. ಎರಡು ವಾರ ಕಳೆಯುತ್ತಲೇ, ನವೆಂಬರ್ 26ರಂದು, ಆ ಬಲ್ವರ್ಕ್ ಮದ್ದಿನ ಸ್ಫೋಟದಲ್ಲಿ ಛಿದ್ರವಾಗಿ 700ಕ್ಕೂ ಹೆಚ್ಚು ಮಂದಿ ಸತ್ತರು.

ಆರೋಪದ ಒಕ್ಕಣೆಯನ್ನು ಗಮನಿಸಬೇಕು. ಹೇಡಿತನದ ಆರೋಪವನ್ನು ಯಾರೂ ಹೊರಿಸಲಿಲ್ಲ. ಅಲಕ್ಷ್ಯದಿಂದಲೋ ಬೇರಾವುದೋ ಲೋಪದಿಂದಲೋ ಓಡುತ್ತಿದ್ದ ಶತ್ರು ಹಡಗನ್ನು ಬೆನ್ನಟ್ಟದೆ ಬಿಟ್ಟರು ಎಂಬುದಷ್ಟೇ ಆರೋಪ. 1757ರಲ್ಲಿ ಅಡ್ಮಿರಲ್ ಬಿಂಗ್ ಅವರನ್ನು ಗುಂಡಿಟ್ಟು ಕೊಂದದ್ದೂ ಕರ್ತವ್ಯದಲ್ಲಿ ಕೈಲಾದಷ್ಟನ್ನೂ ಮಾಡಲಿಲ್ಲ ಎಂಬ ಆರೋಪಕ್ಕೇ, ಮತ್ತು ಆ ಪ್ರಕರಣ ನಡೆದದ್ದೂ ಮೆಡಿಟರೇನಿಯನ್ ಸಮುದ್ರದಲ್ಲೇ. ಅಲ್ಲಿ ಕುಳಿತಿದ್ದ ಪ್ರತಿಯೊಬ್ಬ ಅಧಿಕಾರಿಗೂ ಅದು ನೆನಪಿದ್ದಿರಲೇಬೇಕು. ನ್ಯಾಯಾಲಯ ತನ್ನ ಮುಂದಿದ್ದ ಲಿಖಿತ ಅಪ್ಪಣೆಗಳನ್ನು ಮಾತ್ರ ನೋಡಿತು. ಬಲಶಾಲಿ ಪಡೆಯೊಂದಿಗೆ ಸೆಣಸಬೇಡಿ ಎಂಬ ಆದೇಶ ಜಾರಿಯಲ್ಲಿತ್ತು. ಅದನ್ನು ಯಾರೂ ಹಿಂತೆಗೆದುಕೊಂಡಿರಲಿಲ್ಲ, ಮತ್ತು ಅಂದಿನ ಸಂದರ್ಭದಲ್ಲಿ ಗೋಬೆನ್ ಅನ್ನು ಬಲಶಾಲಿ ಎಂದು ಎಣಿಸಲು ಅವರಿಗೆ ಆಧಾರವಿತ್ತು. ಆರೋಪ ಸಾಬೀತಾಗಿಲ್ಲ, ಪೂರ್ಣವಾಗಿ ಹಾಗೂ ಗೌರವಪೂರ್ವಕವಾಗಿ ಖುಲಾಸೆ ಮಾಡಲಾಗಿದೆ ಎಂಬುದು ತೀರ್ಪು. ಅಡ್ಮಿರಾಲ್ಟಿಯಲ್ಲಿ ಹಲವರಿಗೆ ಇದು ರುಚಿಸಲಿಲ್ಲ.

ಅವರ ತೀರ್ಮಾನ ಸರಿಯೋ ತಪ್ಪೋ ಎಂಬ ವಾದ ಇಂದಿಗೂ ನಿಂತಿಲ್ಲ. ತೋಪುಗಳ ಲೆಕ್ಕದಲ್ಲಿ ಅವರ ಎಣಿಕೆ ಸರಿಯಾಗಿತ್ತೆಂದು ಮುಂದಿನ ಘಟನೆಗಳು ಹೇಳುತ್ತವೆ. ತೀರ್ಪು ಬಂದು ಒಂದೇ ತಿಂಗಳಲ್ಲಿ, ಡಿಸೆಂಬರ್ 8ರಂದು, ಫಾಕ್‌ಲೆಂಡ್ ದ್ವೀಪಗಳ ಬಳಿ ಬ್ರಿಟಿಷ್ ಬ್ಯಾಟಲ್ ಕ್ರೂಸರ್‌ಗಳು ಜರ್ಮನಿಯ ಎರಡು ಕವಚಧಾರಿ ಕ್ರೂಸರ್‌ಗಳನ್ನು ದೂರದಿಂದಲೇ ಹೊಡೆದು ಮುಳುಗಿಸಿದವು. 1916ರ ಜಟ್‌ಲೆಂಡ್ ಕದನದಲ್ಲಿ ಅವರದೇ ಹಳೆಯ ಪಡೆಯ ನಾಲ್ಕು ಹಡಗುಗಳಲ್ಲಿ ಡಿಫೆನ್ಸ್, ವಾರಿಯರ್, ಬ್ಲ್ಯಾಕ್ ಪ್ರಿನ್ಸ್ ಮೂರೂ ಜರ್ಮನರ ಭಾರಿ ತೋಪುಗಳಿಗೆ ಬಲಿಯಾದವು. ಆದರೆ ಇದಕ್ಕೆ ಎದುರಾದ ವಾದವೂ ಗಟ್ಟಿಯಾದದ್ದು. ಒಂಟಿ ಹಡಗು ನಾಲ್ಕು ಕಡೆಗೆ ಏಕಕಾಲದಲ್ಲಿ ಗುರಿಯಿಡಲಾರದು. ದುರಸ್ತಿಗೆ ಹತ್ತಿರದಲ್ಲಿ ಸ್ವಂತ ಬಂದರಿಲ್ಲದ, ಗುಂಡು ಮದ್ದು ತುಂಬಿಕೊಳ್ಳಲಾಗದ ಗೋಬೆನ್‌ಗೆ ಎರಡು ಏಟು ಸರಿಯಾಗಿ ಬಿದ್ದು ವೇಗ ಕುಗ್ಗಿದ್ದರೂ ಮಿಲ್ನ್ ಬಂದು ಕೆಲಸ ಮುಗಿಸಬಹುದಾಗಿತ್ತು. ಹಗುರ ಕ್ರೂಸರ್ ಗ್ಲಾಸ್ಟರ್ ಒಂದೇ ಹಗಲಿಡೀ ಬೆನ್ನಟ್ಟಿ, ಮಧ್ಯಾಹ್ನ ಬ್ರೆಸ್ಲಾವ್ ಮೇಲೆ ಗುಂಡನ್ನೂ ಹಾರಿಸಿ ಸುರಕ್ಷಿತವಾಗಿ ಮರಳಿತು ಎಂಬ ಸಂಗತಿಯೇ ಟ್ರೂಬ್ರಿಜ್ ಅವರಿಗೆ ಹೆಚ್ಚು ಹಾನಿ ಮಾಡಿತು. ನನ್ನ ಮಟ್ಟಿಗೆ ಹೇಳುವುದಾದರೆ, ಆದೇಶದ ಅಕ್ಷರಕ್ಕೆ ಅವರು ತಪ್ಪಲಿಲ್ಲ, ತಮ್ಮ ಮೊದಲ ನಿರ್ಧಾರಕ್ಕೆ ತಪ್ಪಿದರು. ಹೊರಟು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿದ್ದು ನೌಕಾಪಡೆಗೆ ಕ್ಷಮಿಸಲಾಗದ್ದಾಗಿ ಕಂಡಿತು.

ಅವರೊಬ್ಬರೇ ಬೆಲೆ ತೆತ್ತವರಲ್ಲ. ಮಿಲ್ನ್ ಅವರ ಕ್ರಮಗಳಿಗೆ ಅಡ್ಮಿರಾಲ್ಟಿ ಬಹಿರಂಗವಾಗಿ ಸಮ್ಮತಿ ಸೂಚಿಸಿತು, ಆದರೆ ಮತ್ತೆ ಯಾವ ಕೆಲಸವನ್ನೂ ಕೊಡದೆ ಯುದ್ಧ ಮುಗಿಯುವವರೆಗೂ ಅರ್ಧ ವೇತನದಲ್ಲಿ ಕೂರಿಸಿತು. ರೇ ಅವರನ್ನು ಸಹೋದ್ಯೋಗಿಗಳು ದೂರವಿಟ್ಟರು. ಮುಂದೆ ‘ಟಾಲ್ಬಟ್’ ಎಂಬ ಹಳೆಯ ಕ್ರೂಸರ್‌ನಲ್ಲಿ ತುರ್ಕಿಯ ಗ್ಯಾಲಿಪೊಲಿಯಲ್ಲಿ ಸಲ್ಲಿಸಿದ ಸೇವೆಯಿಂದ ಅವರು ಸ್ವಲ್ಪ ಮಟ್ಟಿಗೆ ಹೆಸರು ತೊಳೆದುಕೊಂಡರು. ಎಲ್ಲಕ್ಕಿಂತ ಭಾರಿ ಬೆಲೆ ತೆತ್ತವರು ದಕ್ಷಿಣ ಅಮೆರಿಕದ ಕರಾವಳಿಯಲ್ಲಿದ್ದ ರಿಯರ್ ಅಡ್ಮಿರಲ್ ಕ್ರಿಸ್ಟೊಫರ್ ಕ್ರಾಡಕ್. ಟ್ರೂಬ್ರಿಜ್ ಅವರನ್ನು ವಿಚಾರಣೆಗೆ ಕರೆಸಿದ ಸುದ್ದಿ ತಿಳಿದಿದ್ದ ಅವರು, ತಮಗೆ ಆ ಗತಿ ಬಾರದಂತೆ ನೋಡಿಕೊಳ್ಳುವುದಾಗಿ ಪತ್ರದಲ್ಲಿ ಬರೆದರು. ನವೆಂಬರ್ 1ರಂದು ಕೊರೊನೆಲ್ ಬಳಿ ತಮಗಿಂತ ಸ್ಪಷ್ಟವಾಗಿ ಬಲಶಾಲಿಯಾಗಿದ್ದ ಜರ್ಮನ್ ಪಡೆಯ ಮೇಲೆ ಬಿದ್ದು, ಎರಡು ಹಡಗುಗಳು ಹಾಗೂ ಸುಮಾರು 1,600 ಜನರೊಂದಿಗೆ ಮುಳುಗಿದರು. ಅವರ ನೆರವಿಗೆ ಕಳುಹಿಸಿದ್ದ ಹಡಗು ತಡವಾಗಿ ತಲುಪಿತು. ಅದು ಟ್ರೂಬ್ರಿಜ್ ಅವರ ಹಳೆಯ ಧ್ವಜನೌಕೆ ಡಿಫೆನ್ಸ್.

ಖುಲಾಸೆಯಾದ ಟ್ರೂಬ್ರಿಜ್ ಅವರನ್ನು ಪೂರ್ತಿಯಾಗಿ ಮೂಲೆಗೆ ತಳ್ಳುವಂತಿರಲಿಲ್ಲ, ಹಡಗುಪಡೆ ಕೊಡುವ ಮನಸ್ಸೂ ಇರಲಿಲ್ಲ. ಅಡ್ಮಿರಾಲ್ಟಿ ಕಂಡುಕೊಂಡ ದಾರಿ ವಿಚಿತ್ರವಾದದ್ದು. 1915ರ ಜನವರಿಯಲ್ಲಿ ಅವರನ್ನು ಸಮುದ್ರವೇ ಇಲ್ಲದ ಸರ್ಬಿಯಾಕ್ಕೆ ನೌಕಾ ನಿಯೋಗದ ಮುಖ್ಯಸ್ಥರನ್ನಾಗಿ ಕಳುಹಿಸಿತು. ಬೆಲ್‌ಗ್ರೇಡ್‌ನಲ್ಲಿ ಡ್ಯಾನ್ಯೂಬ್ ನದಿಯ ದಂಡೆಯ ಮೇಲೆ ಕೆಲವು ಹಡಗು ತೋಪುಗಳು, ಟಾರ್ಪಿಡೊಗಳು, ಸಿಡಿಗುಂಡುಗಳು ಮತ್ತು ಒಂದು ಪುಟ್ಟ ಉಗಿ ದೋಣಿ, ಇಷ್ಟರಿಂದ ಆಸ್ಟ್ರಿಯಾದ ನದಿ ಯುದ್ಧನೌಕೆಗಳನ್ನು ಹಿಮ್ಮೆಟ್ಟಿಸುವ ಕೆಲಸ. ಅದನ್ನು ಅವರು ಶ್ರದ್ಧೆಯಿಂದಲೇ ಮಾಡಿದರು. ಅಕ್ಟೋಬರ್‌ನಲ್ಲಿ ಜರ್ಮನ್, ಆಸ್ಟ್ರಿಯನ್, ಬಲ್ಗೇರಿಯನ್ ಸೇನೆಗಳು ಒಟ್ಟಾಗಿ ನುಗ್ಗಿದಾಗ ಸರ್ಬಿಯಾದ ಸೈನ್ಯ ಮತ್ತು ನಿರಾಶ್ರಿತರ ಜೊತೆ ಅಲ್ಬೇನಿಯಾದ ಹಿಮಪರ್ವತಗಳನ್ನು ದಾಟಿ ಏಡ್ರಿಯಾಟಿಕ್ ತೀರಕ್ಕೆ ಬಂದರು. ಅಲ್ಲಿನ ಸಾನ್ ಜೊವಾನಿ ಡಿ ಮೆಡುವಾ ಎಂಬ ಸಣ್ಣ ಬಂದರಿನಲ್ಲಿ ನಿಂತು, ಹಸಿದು ಕಂಗೆಟ್ಟ ಜನರನ್ನು ಹಡಗು ಹತ್ತಿಸುವ ಉಸ್ತುವಾರಿ ನೋಡಿಕೊಂಡರು. ಅನಂತರ ಸಲೋನಿಕಾದಲ್ಲಿ ಸರ್ಬಿಯಾದ ಯುವರಾಜ ಅಲೆಕ್ಸಾಂಡರ್ ಅವರ ಬಳಿ ಉಳಿದರು. ಗೋಬೆನ್ ಪ್ರಕರಣವನ್ನಷ್ಟೇ ಓದಿದವರು ಅವರ ಧೈರ್ಯವನ್ನು ಅಳೆಯಲು ಈ ಒಂದು ಚಳಿಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.

ಈ ಅವಧಿಯಲ್ಲಿ ಜ್ಯೇಷ್ಠತಾ ಪಟ್ಟಿ ತನ್ನ ಪಾಡಿಗೆ ಚಲಿಸುತ್ತಿತ್ತು. 1916ರಲ್ಲಿ ವೈಸ್ ಅಡ್ಮಿರಲ್, 1919ರಲ್ಲಿ ಅಡ್ಮಿರಲ್. ಇವೆರಡೂ ಯಾರೋ ಮೆಚ್ಚಿ ಕೊಟ್ಟ ಬಹುಮಾನವಲ್ಲ, ಸರದಿ ಬಂದಾಗ ಸಿಕ್ಕವು. ಖುಲಾಸೆಯಿಂದ ಅವರಿಗಾದ ನಿಜವಾದ ಲಾಭ ಇದೇ: ಶಿಕ್ಷೆಯಾಗಿದ್ದರೆ ಹೆಸರು ಪಟ್ಟಿಯಿಂದಲೇ ಅಳಿಯುವ ಸಾಧ್ಯತೆ ಇತ್ತು. ನೀವು ಕೇಳಿದ ‘ಸರ್’ ಪದವಿ 1919ರದು, ಮತ್ತು ಅದು ಬಂದದ್ದು ಸೇಂಟ್ ಮೈಕಲ್ ಹಾಗೂ ಸೇಂಟ್ ಜಾರ್ಜ್ ಹೆಸರಿನ ಪದವಿ ಶ್ರೇಣಿಯಿಂದ. ಆ ಶ್ರೇಣಿಯನ್ನು ಸಾಮಾನ್ಯವಾಗಿ ರಾಯಭಾರಿಗಳಿಗೂ ಪರದೇಶಗಳಲ್ಲಿ ಸೇವೆ ಮಾಡಿದವರಿಗೂ ಕೊಡುತ್ತಾರೆ. ಎಂದರೆ ಆ ಗೌರವ ಸಂದದ್ದು ಬಾಲ್ಕನ್ ಸೇವೆಗೆ. ಯುದ್ಧ ಮುಗಿಯುವ ಹೊತ್ತಿಗೆ ಅವರು ಡ್ಯಾನ್ಯೂಬ್ ನದಿಯ ಮೇಲೆ ಮಿತ್ರಪಕ್ಷಗಳ ಅಡ್ಮಿರಲ್ ಆಗಿದ್ದರು. ಅನಂತರ 1924ರವರೆಗೆ ಆ ನದಿಯ ಸಂಚಾರ ನೋಡಿಕೊಳ್ಳುವ ಅಂತರರಾಷ್ಟ್ರೀಯ ಆಯೋಗದ ಅಧ್ಯಕ್ಷರಾಗಿ ದುಡಿದರು. ನೌಕಾಪಡೆಯಿಂದ 1921ರಲ್ಲಿ ನಿವೃತ್ತರಾದ ಅವರು 1926ರ ಜನವರಿ 28ರಂದು ಫ್ರಾನ್ಸಿನ ಬಿಯಾರಿಟ್ಜ್‌ನಲ್ಲಿ ತೀರಿಕೊಂಡರು. ಕೋರ್ಟ್ ಮಾರ್ಷಲ್ ಗುಟ್ಟಾಗಿ ನಡೆದಿದ್ದರಿಂದ, ತಮ್ಮ ಪರವಾಗಿ ಅಲ್ಲಿ ದಾಖಲಾದ ಸಾಕ್ಷ್ಯವನ್ನು ಜನರ ಮುಂದಿಡಲು ಅವರಿಗೆ ಅವಕಾಶವಾಗಲಿಲ್ಲ.

ಮನೆತನದ ಹೆಸರಿಗೆ ಈ ಪ್ರಕರಣದಿಂದ ಕುಂದು ಬಂತೇ ಎಂದು ಕೇಳಿದರೆ, ಇಲ್ಲವೆನ್ನಬೇಕು. ಮಗ ಥಾಮಸ್ ಹೋಪ್ ಟ್ರೂಬ್ರಿಜ್ ಸಹ ನೌಕಾಪಡೆ ಸೇರಿ ವೈಸ್ ಅಡ್ಮಿರಲ್ ಆದರು. ಎರಡನೆಯ ಮಹಾಯುದ್ಧದಲ್ಲಿ ಅವರಿಗೆ ಹಡಗುಗಳು ಒಂದಾದ ಮೇಲೊಂದು ಸಿಕ್ಕವು, ಮತ್ತು 1942ರಲ್ಲಿ ಅವರು ‘ಇಂಡೊಮಿಟಬಲ್’ ಎಂಬ ವಿಮಾನವಾಹಕ ನೌಕೆಯ ಕ್ಯಾಪ್ಟನ್ ಆಗಿ ಮಡಗಾಸ್ಕರ್ ಕಾರ್ಯಾಚರಣೆಯಲ್ಲಿ ಪಾಲ್ಗೊಂಡರು. ಅದೇ ವರ್ಷ ಉತ್ತರ ಆಫ್ರಿಕಾದ ಒರಾನ್ ಬಳಿ ಸೈನ್ಯವನ್ನು ಇಳಿಸುವ ನೌಕಾ ಕಾರ್ಯಪಡೆಯ ನಾಯಕತ್ವವನ್ನೂ ಅಡ್ಮಿರಾಲ್ಟಿ ಅವರಿಗೇ ವಹಿಸಿತು.